ಅನ್ನ ಬಿಟ್ಟು ಮುದ್ದೆ ಹಿಡಿದರೂ ಸಕ್ಕರೆ ಇಳಿಯಲಿಲ್ಲ, ಏಕೆ?

ಪ್ರಶ್ನೆ: ನನಗೆ 43 ವರ್ಷ, ತೂಕ 82 ಕೆ.ಜಿ. ಖಾಲಿ ಹೊಟ್ಟೆಯ ಸಕ್ಕರೆ 112, ಎಚ್‌ಬಿಎ1ಸಿ (ಎರಡು–ಮೂರು ತಿಂಗಳ ಸರಾಸರಿ ಸಕ್ಕರೆ) 6.1, ಟ್ರೈಗ್ಲಿಸರೈಡ್ 230 ಬಂದಿತ್ತು. ‘ಇನ್ಸುಲಿನ್ ರೆಸಿಸ್ಟೆನ್ಸ್ ಇದೆ, ಮಾತ್ರೆ ಸದ್ಯಕ್ಕೆ ಬೇಡ, ಊಟ ಸರಿಮಾಡಿಕೊಳ್ಳಿ’ ಎಂದರು ಡಾಕ್ಟರು. ಅಂದಿನಿಂದ ಅನ್ನ ಮುಟ್ಟಿಲ್ಲ. ಬೆಳಿಗ್ಗೆ ಬೆಲ್ಲ ಹಾಕಿದ ರಾಗಿ ಗಂಜಿ, ಎರಡು ಹೊತ್ತೂ ಮುದ್ದೆ, ಬಸ್ಸಾರು. ನಾಲ್ಕು ತಿಂಗಳ ಮೇಲೆ ನೋಡಿದರೆ 6.0. ರಾಗಿ ಒಳ್ಳೆಯದಲ್ಲವೇ?
– ಹೆಸರು ಬೇಡ, ಮಂಡ್ಯ

ಉತ್ತರ: ರಾಗಿ ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಆದರೆ ಅದೇ 100 ಗ್ರಾಂ ರಾಗಿಯಲ್ಲಿ ಪಿಷ್ಟವೂ ಸುಮಾರು 67 ಗ್ರಾಂ ಇದೆ. ದೊಡ್ಡ ಮುದ್ದೆಗೆ 120 ಗ್ರಾಂ ಹಿಟ್ಟಾದರೂ ಹಿಡಿಯುತ್ತದೆ. ಅಂದರೆ ಒಂದು ಮುದ್ದೆಗೆ 80 ಗ್ರಾಂ ಪಿಷ್ಟ, ಹತ್ತಿರ ಹತ್ತಿರ ಎರಡು ಬಟ್ಟಲು ಅನ್ನದಷ್ಟೇ. ನೀವು ಧಾನ್ಯ ಬದಲಿಸಿದ್ದೀರಿ, ಅಳತೆ ಬದಲಿಸಿಲ್ಲ.

ನಿಮ್ಮ ವರದಿಯಲ್ಲಿ ಮುಖ್ಯವಾದ ಸುಳಿವು ಟ್ರೈಗ್ಲಿಸರೈಡ್‌ನ 230 ಎಂಬ ಅಂಕಿ. ಉಂಡ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಸ್ನಾಯುಗಳು ಎಳೆದುಕೊಳ್ಳಬೇಕು. ಸ್ನಾಯು, ಲಿವರ್‌ಗಳಲ್ಲಿ ಕೊಬ್ಬು ಕೂತಾಗ ಅವು ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಇದೇ ಇನ್ಸುಲಿನ್ ರೆಸಿಸ್ಟೆನ್ಸ್. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಮಿಕ್ಕ ಪಿಷ್ಟವನ್ನು ಲಿವರ್ ಕೊಬ್ಬಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಅದೇ ಈ ಟ್ರೈಗ್ಲಿಸರೈಡ್. ಇದರ ಜೊತೆಗೆ, ರಾತ್ರಿಯಿಡೀ ಸಕ್ಕರೆ ಬಿಡುವ ಕೆಲಸಕ್ಕೆ ಇನ್ಸುಲಿನ್ ಹಾಕಬೇಕಾದ ತಡೆಯನ್ನೂ ಲಿವರ್ ಲೆಕ್ಕಿಸುವುದಿಲ್ಲ. ರಾತ್ರಿ ಊಟ ಬಿಟ್ಟು ಮಲಗಿದರೂ ಬೆಳಿಗ್ಗೆ 112 ಬರುವುದು ಇದರಿಂದಲೇ. ಹಾಗಾಗಿ ಇಳಿಯಬೇಕಾದದ್ದು ಲಿವರ್‌ನ ಕೊಬ್ಬು, ಅದಕ್ಕೆ ತೂಕ ಇಳಿಯಬೇಕು. 82ರಲ್ಲಿ ಶೇ 7 ಎಂದರೆ ಆರು ಕೆ.ಜಿ.ಗೆ ಸ್ವಲ್ಪ ಕಡಿಮೆ. ಅಮೆರಿಕದಲ್ಲಿ ಸಾವಿರಾರು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಶೇ 7 ಮತ್ತು ವಾರಕ್ಕೆ 150 ನಿಮಿಷದ ನಡಿಗೆಯನ್ನು ಗುರಿಯಾಗಿ ಕೊಟ್ಟಿದ್ದರು. ಆ ಗುಂಪಿನಲ್ಲಿ ಮಧುಮೇಹಕ್ಕೆ ತಿರುಗುವ ಪ್ರಮಾಣ ಶೇ 58ರಷ್ಟು ಇಳಿಯಿತು, ಮೆಟ್‌ಫಾರ್ಮಿನ್ ಮಾತ್ರೆಯಿಂದ ಇಳಿದದ್ದು ಶೇ 31.

ಈಗ ತಟ್ಟೆಗೆ ಬನ್ನಿ. ಹಿಟ್ಟನ್ನು ಎಸರಿಗೆ ಹಾಕುವ ಮೊದಲೇ ತೂಗಿ, ಒಬ್ಬರಿಗೆ 60 ಗ್ರಾಂ. ಕಟ್ಟಿದ ಮೇಲೆ ಅದು ಮೋಸಂಬಿ ಗಾತ್ರಕ್ಕೆ ಬರುತ್ತದೆ. ಕಣ್ಣಳತೆಯಲ್ಲಿ ಕಟ್ಟಿದರೆ ಎರಡೇ ವಾರದಲ್ಲಿ ಮುದ್ದೆ ಹಳೆಯ ಗಾತ್ರಕ್ಕೆ ಮರಳುತ್ತದೆ. ಆಮೇಲೆ ಬಸ್ಸಾರು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಸಾರು, ಬಸಿದು ಉಳಿದದ್ದರಲ್ಲಿ ಪಲ್ಯ. ನಮ್ಮಲ್ಲಿ ಗಂಡಸರು ಸಾರನ್ನು ಧಾರಾಳವಾಗಿ ಹಾಕಿಸಿಕೊಂಡು ಪಲ್ಯವನ್ನು ತಟ್ಟೆಯ ಅಂಚಿಗೆ ಒಂದು ಚಮಚ ಹಾಕಿಸಿಕೊಳ್ಳುತ್ತಾರೆ. ನಾರೂ ಪ್ರೊಟೀನೂ ಇರುವುದು ಆ ಪಲ್ಯದಲ್ಲಿ! ಒಬ್ಬರಿಗೆ 40 ಗ್ರಾಂ ಒಣ ಹೆಸರುಕಾಳೋ ಅಲಸಂದೆಯೋ ಹುರುಳಿಯೋ ಇದ್ದರೆ ಒಂಬತ್ತು ಗ್ರಾಂ ಪ್ರೊಟೀನ್ ಸಿಗುತ್ತದೆ. ಪಲ್ಯವನ್ನು ಒಂದು ತುಂಬು ಬಟ್ಟಲು ಹಾಕಿಕೊಂಡು ಮೊದಲು ಅದರಲ್ಲಿ ಅರ್ಧ ತಿನ್ನಿ, ಮುದ್ದೆ ಆಮೇಲೆ. ಅದೇ ಊಟವನ್ನು ಈ ಕ್ರಮದಲ್ಲಿ ಉಂಡರೆ ಸಕ್ಕರೆ ಏರುವುದು ತಗ್ಗುತ್ತದೆ. ಮೊಟ್ಟೆ ತಿನ್ನುವವರಾದರೆ ಒಂದು ಹೊತ್ತು ಎರಡು ಬೇಯಿಸಿದ ಮೊಟ್ಟೆ ಸೇರಿಸಿ. ಇಷ್ಟು ಮಾಡಿದರೆ ಮಧ್ಯಾಹ್ನ ಬಟ್ಟಲಿನ ಕಾಲು ಭಾಗದಷ್ಟು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡರೂ ತೊಂದರೆಯಿಲ್ಲ. ಅನ್ನಕ್ಕೆ ಬಹಿಷ್ಕಾರ ಹಾಕಬೇಕಾದ ಅಗತ್ಯವಿಲ್ಲ.

ನುಣ್ಣನೆ ಬೀಸಿ ನೀರಾಗಿ ಕುದಿಸಿದ ರಾಗಿ ಬೇಗ ಜೀರ್ಣವಾಗುತ್ತದೆ, ಮೇಲೆ ಬೆಲ್ಲ ಬೇರೆ. ಆ ಗಂಜಿ ಬಿಡಿ. ಎರಡು ಪೆಸರಟ್ಟು ಅಥವಾ ಮೊಳಕೆಕಾಳಿನ ಉಸಲಿ ಸಾಕು. ಎಣ್ಣೆ ದಿನಕ್ಕೆ ಒಬ್ಬರಿಗೆ ಮೂರು ಟೀ ಚಮಚ, ತಿಂಗಳಿಗೆ ಅರ್ಧ ಲೀಟರ್ ದಾಟದಿರಲಿ. ಮದ್ಯದ ಅಭ್ಯಾಸವಿದ್ದರೆ ಅದನ್ನು ನಿಲ್ಲಿಸದೆ 230 ಇಳಿಯುವುದು ಕಷ್ಟ.

ಉಂಡ ಮೇಲೆ ಹದಿನೈದು ನಿಮಿಷ ನಡೆಯಿರಿ. ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೇ ಸಕ್ಕರೆ ಎಳೆದುಕೊಳ್ಳುತ್ತದೆ. ತೂಕದ ಜೊತೆ ಸೊಂಟವನ್ನೂ ಅಳೆಯಿರಿ, ಪ್ಯಾಂಟ್ ಕಟ್ಟುವ ಜಾಗದಲ್ಲಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಎಚ್‌ಬಿಎ1ಸಿ ಎರಡು–ಮೂರು ತಿಂಗಳ ಲೆಕ್ಕವಾದ್ದರಿಂದ ಮೂರು ತಿಂಗಳಾದ ಮೇಲೆಯೇ ಮಾಡಿಸಿ. ಟ್ರೈಗ್ಲಿಸರೈಡ್ ಅದಕ್ಕೆ ಮೊದಲೇ ಇಳಿದಿರುತ್ತದೆ.

ಪ್ರಶ್ನೆ: ಮಗಳಿಗೆ 24 ವರ್ಷ. ಕತ್ತಿನ ಹಿಂದೆ, ಕಂಕುಳಲ್ಲಿ ಕಪ್ಪು. ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ಉಜ್ಜಿದರೂ ಹೋಗುತ್ತಿಲ್ಲ. ಮುಟ್ಟು ಎರಡು–ಮೂರು ತಿಂಗಳಿಗೊಮ್ಮೆ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಉಜ್ಜುವುದನ್ನು ಇಂದೇ ನಿಲ್ಲಿಸಿ, ಅದು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಬಹಳ ದಿನ ಹೆಚ್ಚಿದ್ದರೆ ಅಲ್ಲಿನ ಚರ್ಮ ದಪ್ಪಗಾಗಿ, ಮಖಮಲ್ಲಿನಂತೆ ಕಪ್ಪಾಗುತ್ತದೆ. ಉಜ್ಜಿದಷ್ಟೂ ಇನ್ನೂ ದಪ್ಪವಾಗುತ್ತದೆ. ಅದೇ ಇನ್ಸುಲಿನ್ ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಹೆಚ್ಚಿಸಿ ಮುಟ್ಟನ್ನೂ ತಪ್ಪಿಸಬಲ್ಲದು. ಇಂಥ ಹಾರ್ಮೋನ್ ಏರುಪೇರಿನ ತೊಂದರೆಯಾದ ಪಿಸಿಒಡಿ ಇರುವ ಸಾಧ್ಯತೆ ಹೆಚ್ಚು. ಸ್ತ್ರೀರೋಗ ತಜ್ಞರಿಗೆ ತೋರಿಸಿ, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನ್ ಪರೀಕ್ಷೆಗಳ ಜೊತೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯನ್ನೂ ಕೇಳಿ. ಈ ವಯಸ್ಸಿನಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಸರಿಯಾಗಿದ್ದು ಎರಡು ಗಂಟೆಯ ಸಕ್ಕರೆ ಏರಿರುವುದುಂಟು. ತೂಕ ಹೆಚ್ಚಿದ್ದರೆ ಶೇ 5 ಇಳಿದರೂ ಎಷ್ಟೋ ಹುಡುಗಿಯರಿಗೆ ಮುಟ್ಟು ಹದಕ್ಕೆ ಬರುತ್ತದೆ. ಕಾಫಿಯ ಜೊತೆ ರಸ್ಕು, ಸಂಜೆ ಬೇಕರಿ ಪಫ್ ಇದ್ದರೆ ಮೊದಲು ಅವನ್ನು ತೆಗೆದು, ಆ ಹೊತ್ತಿಗೆ ಒಂದು ಹಿಡಿ ಹುರಿದ ಕಡಲೆ ಕೊಡಿ. ಕಪ್ಪು ತಿಳಿಯಾಗಲು ತಿಂಗಳುಗಳೇ ಬೇಕು. ಮಗಳ ಬಣ್ಣದ ಮಾತನ್ನು ಮನೆಯಲ್ಲಿ ಯಾರೂ ಎತ್ತದಿರಲಿ.

ಪ್ರಶ್ನೆ: ಸಕ್ಕರೆ ಬದಲು ಜೋನಿ ಬೆಲ್ಲ, ಜೇನು ಬಳಸಬಹುದೇ?
– ಶಿರಸಿ

ಉತ್ತರ: ಇನ್ಸುಲಿನ್ ಲೆಕ್ಕದಲ್ಲಿ ಮೂರೂ ಒಂದೇ. ಚಮಚ ಎಣಿಸುವಾಗ ಮೂರನ್ನೂ ಕೂಡಿಸಿ ಎಣಿಸಿ.

ಪ್ರಶ್ನೆ: ವರದಿ ಚೆನ್ನಾಗಿ ಬರಲಿ ಎಂದು ಪರೀಕ್ಷೆಗೆ ಒಂದು ವಾರ ಮೊದಲು ಅನ್ನ, ಚಪಾತಿ ಎಲ್ಲ ಬಿಡುತ್ತೇನೆ. ಸರಿಯೇ?
– ಬೆಂಗಳೂರು

ಉತ್ತರ: ಬೇಡ. ಗ್ಲೂಕೋಸ್ ಕುಡಿಸುವ ಪರೀಕ್ಷೆಗೆ ಮೊದಲು ಪಿಷ್ಟ ಪೂರ್ತಿ ಬಿಟ್ಟರೆ ದೇಹ ಆ ಗ್ಲೂಕೋಸನ್ನು ಸಂಭಾಳಿಸಲಾರದೆ ಅಂಕಿ ಇದ್ದದ್ದಕ್ಕಿಂತ ಹೆಚ್ಚೇ ಬರಬಹುದು. ಮೂರು ದಿನ ಮೊದಲಿಂದ ದಿನಕ್ಕೆ 150 ಗ್ರಾಂ ಪಿಷ್ಟವಾದರೂ ಹೊಟ್ಟೆಗೆ ಹೋಗಿರಬೇಕು. ಒಂದು ವಾರದ ಪಥ್ಯಕ್ಕೆ ಎಚ್‌ಬಿಎ1ಸಿ ಹೆಚ್ಚೇನೂ ಬದಲಾಗುವುದಿಲ್ಲ. ನೀವು ಈಗಾಗಲೇ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಹೀಗೆ ಇದ್ದಕ್ಕಿದ್ದಂತೆ ಪಿಷ್ಟ ಬಿಡುವುದು ಅಪಾಯ, ಸಕ್ಕರೆ ತೀರಾ ಕುಸಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿದು, ಹದಿನೈದು ನಿಮಿಷ ಬಿಟ್ಟು ಸಕ್ಕರೆ ನೋಡಿಕೊಳ್ಳಿ.