ಆಪ್ತಸಲಹೆ ಪ್ರಕರಣ: ಹದಿನೇಳರ ಹುಡುಗ ಬೇರೆ ಟೋಪಿ ತೊಟ್ಟ ಸಂಜೆ

ಗುರುತು ಸಿಗದಂತೆ ವೃತ್ತಿ, ವರ್ಷ ಮತ್ತು ಆಟಗಾರನ ವಿವರಗಳನ್ನು ಬದಲಿಸಲಾಗಿದೆ. ಬರೆಯಲು ದಂಪತಿಯ ಒಪ್ಪಿಗೆ ಇದೆ.

ಮೊದಲು ಫೋನ್ ಮಾಡಿದ್ದು ಹೆಂಡತಿ. “ಇವರು ಮೂರು ರಾತ್ರಿಯಿಂದ ಸರಿಯಾಗಿ ಮಲಗಿಲ್ಲ. ಯಾರೋ ಫುಟ್‌ಬಾಲ್ ಆಡೋ ಹುಡುಗನಿಗೆ ಬಾಯಿಗೆ ಬಂದದ್ದೆಲ್ಲ ಬರೆದಿದ್ದಾರೆ. ಅದರ ಸ್ಕ್ರೀನ್‌ಶಾಟ್ ಆಫೀಸಿಗೂ ಹೋಗಿದೆ. ಮಗ ಇವರ ಹತ್ತಿರಾನೇ ಸುಳೀತಿಲ್ಲ.”

ಗಂಡನಿಗೆ 38 ವರ್ಷ. ಹಾಸನದ ಕಡೆಯವರು. ಅಮೆರಿಕದ ಕೊಲಂಬಸ್‌ನ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮುಗಿಸಿ ಅದೇ ಊರಿನಲ್ಲಿ ಎಂಜಿನಿಯರ್ ಆಗಿದ್ದಾರೆ. ಎಂಟು ತಿಂಗಳಿಂದ ‘ಓಹಾಯೋ ಸ್ಟೇಟ್‌ಗೇ ಬರುತ್ತೇನೆ’ ಎನ್ನುತ್ತಿದ್ದ ಅಮೆರಿಕನ್ ಫುಟ್‌ಬಾಲಿನ ಹೈಸ್ಕೂಲ್ ಆಟಗಾರನೊಬ್ಬ, ಕಾಲೇಜು ತಂಡಕ್ಕೆ ಸಹಿ ಹಾಕುವ ದಿನ ಮೇಜಿನ ಮೇಲಿದ್ದ ಮೂರು ಕಾಲೇಜುಗಳ ಟೋಪಿಗಳಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಟೋಪಿ ಎತ್ತಿ ತಲೆಗಿಟ್ಟುಕೊಂಡ. ಈ ಎರಡು ತಂಡಗಳ ಪೈಪೋಟಿ 1897ರಿಂದ ನಡೆದುಬಂದದ್ದು. ಪಂದ್ಯದ ವಾರ ಓಹಾಯೋ ಸ್ಟೇಟ್ ಆವರಣದ ಫಲಕಗಳಲ್ಲಿ ‘ಎಂ’ ಅಕ್ಷರ ಕಂಡಲ್ಲೆಲ್ಲ ಕೆಂಪು ಟೇಪು ಅಂಟಿಸಿ ಅಳಿಸುತ್ತಾರೆ. ಹುಡುಗ ಬೇರೆ ಯಾವ ಕಾಲೇಜಿಗೆ ಹೋಗಿದ್ದರೂ ಇವರು ಸುಮ್ಮನಿರುತ್ತಿದ್ದರೇನೋ.

ಅಂದು ಸಂಜೆ ಐದರಿಂದ ನಡುರಾತ್ರಿಯ ತನಕ ಅವರು ಮಾಡಿದ್ದನ್ನು ಮೊದಲ ಭೇಟಿಯಲ್ಲೇ ಒಂದೊಂದಾಗಿ ಬರೆಸಿದೆವು. ‘ಸ್ವಲ್ಪ ಜಾಸ್ತಿ ಬರೆದೆ’ ಎಂಬ ಮಾತು ಇಂಥ ಕಡೆ ಏನನ್ನೂ ಹೇಳುವುದಿಲ್ಲ, ಎಣಿಸಬೇಕು. ಹುಡುಗನ ಇನ್‌ಸ್ಟಾಗ್ರಾಂಗೆ 14 ಮೆಸೇಜು, ಅದರಲ್ಲೊಂದು ‘ಮೊದಲ ಪಂದ್ಯದಲ್ಲೇ ನಿನ್ನ ಮಂಡಿ ಮುರಿಯಲಿ’. ಹುಡುಗನ ತಾಯಿಯ ಪುಟದಲ್ಲಿ ಎರಡು ಕಾಮೆಂಟು. ಅವನ ಶಾಲೆಗೆ ಒಂದು ಈಮೇಲು. ರಾತ್ರಿ ಹನ್ನೊಂದಕ್ಕೆ ಹಿತ್ತಲಿನಲ್ಲಿ ಒಂದು ಜೆರ್ಸಿ ಸುಟ್ಟರು. ಒಂಬತ್ತು ವರ್ಷದ ಮಗ ಕಿಟಕಿಯಿಂದ ನೋಡುತ್ತಿದ್ದ. ಎರಡು ದಿನದ ನಂತರ ಹಾಸಿಗೆ ಕೊಡವುವಾಗ ಮಗನ ಸ್ವಂತ ಜೆರ್ಸಿ ಮೆತ್ತೆಯ ಅಡಿಯಲ್ಲಿ ಮಡಚಿಟ್ಟದ್ದು ತಾಯಿಗೆ ಸಿಕ್ಕಿತು. ಅದನ್ನೂ ಸುಡುತ್ತಾರೆಂದು ಬಚ್ಚಿಟ್ಟಿದ್ದ.

ಮೊದಲು ಕೇಳಬೇಕಾದ್ದು ಸುರಕ್ಷತೆಯ ಪ್ರಶ್ನೆಗಳು. ಆ ಹುಡುಗನ ಮನೆ, ಶಾಲೆಯ ಹತ್ತಿರ ಹೋಗುವ ಯೋಚನೆ ಬಂದಿತ್ತೇ? ಮನೆಯಲ್ಲಿ ಬಂದೂಕು ಇದೆಯೇ? ತಮ್ಮ ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಆಲೋಚನೆ ಇದೆಯೇ? ಮೂರಕ್ಕೂ ಇಲ್ಲ ಎಂದರು. ಆಮೇಲೆ ತಮ್ಮ ಕಡೆಯಿಂದ ಒಂದು ವಾದ ಮುಂದಿಟ್ಟರು: “ನಾನೇನು ಮರಕ್ಕೆ ವಿಷ ಹಾಕಿಲ್ಲವಲ್ಲ ಸರ್.” ಅವರು ಹೇಳಿದ್ದು ಅಲಬಾಮದ ಪ್ರಸಂಗ. 2010ರಲ್ಲಿ ಆಬರ್ನ್ ವಿಶ್ವವಿದ್ಯಾಲಯದ ತಂಡ ಎದುರಾಳಿ ಅಲಬಾಮ ವಿಶ್ವವಿದ್ಯಾಲಯವನ್ನು 28–27ರಲ್ಲಿ ಸೋಲಿಸಿದ ಮೇಲೆ ಅಲಬಾಮ ಅಭಿಮಾನಿಯೊಬ್ಬ ಆಬರ್ನ್‌ನ ಹಳೆಯ ಓಕ್ ಮರಗಳಿಗೆ ಕಳೆನಾಶಕ ಸುರಿದು, ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡಿ ತಾನೇ ಹೇಳಿಕೊಂಡಿದ್ದ. ಮರಗಳು ಉಳಿಯಲಿಲ್ಲ, ಆತ ಜೈಲು ಸೇರಿದ. ಅತಿರೇಕದ ಒಂದು ಉದಾಹರಣೆ ಕೈಯಲ್ಲಿದ್ದರೆ ತನ್ನ ತಪ್ಪು ಯಾವಾಗಲೂ ಚಿಕ್ಕದಾಗಿಯೇ ಕಾಣುತ್ತದೆ. ಮರವನ್ನು ಪಕ್ಕಕ್ಕಿಟ್ಟು, ಮಂಡಿಯ ಬಗ್ಗೆ ಬರೆದದ್ದನ್ನು ಅವರ ಬಾಯಿಂದಲೇ ಗಟ್ಟಿಯಾಗಿ ಓದಿಸಿದೆವು. ಎರಡನೇ ಸಲ ಓದಲು ಅವರಿಗೆ ಆಗಲಿಲ್ಲ.

ಕಾನೂನಿನ ವಿಷಯವನ್ನು ಅಂದೇ ಮುಗಿಸಬೇಕಿತ್ತು. ಕಿರುಕುಳದ ಉದ್ದೇಶದಿಂದ ಫೋನು, ಮೆಸೇಜು ಮಾಡುವುದು ಓಹಾಯೋದಲ್ಲಿ ಅಪರಾಧ. ಮೊದಲ ಸಲಕ್ಕೇ 180 ದಿನಗಳ ತನಕ ಜೈಲು, 1,000 ಡಾಲರ್ ತನಕ ದಂಡ ಆಗಬಹುದು. ವೀಸಾದ ಮೇಲೆ ಇರುವವರಿಗೆ ಇದರ ತೂಕವೇ ಬೇರೆ. ಅವರಾಗಲೇ ಎಲ್ಲವನ್ನೂ ಅಳಿಸಲು ಹೊರಟಿದ್ದರು. ಸ್ವಲ್ಪ ತಡೆಯಿರಿ ಎಂದೆವು: ಗಾಬರಿಯಲ್ಲಿ ಅಳಿಸಿದರೆ ಮುಚ್ಚಿಹಾಕಿದ ಹಾಗೆ ಕಾಣುತ್ತದೆ, ನಾಳೆ ಯಾರಾದರೂ ಕೇಳಿದರೆ ತಾನು ಏನು ಬರೆದೆ, ಏನು ಬರೆದಿಲ್ಲ ಎಂದು ತೋರಿಸಲೂ ಆಗುವುದಿಲ್ಲ. ಮೊದಲು ಎಲ್ಲದರ ಪ್ರತಿ ತೆಗೆದಿಟ್ಟು, ವಲಸೆ ಕಾನೂನೂ ಗೊತ್ತಿರುವ ವಕೀಲರ ಜೊತೆ ಮಾತಾಡಿ, ಅವರು ಹೇಳಿದ ಮೇಲೆ ಸಾರ್ವಜನಿಕವಾಗಿ ಕಾಣುವುದನ್ನು ತೆಗೆಯುವುದು ಎಂದು ತೀರ್ಮಾನವಾಯಿತು. ಆಫೀಸಿಗೆ ‘ನನ್ನ ಖಾತೆ ಹ್ಯಾಕ್ ಆಗಿತ್ತು’ ಎಂದು ಹೇಳುವ ಆಲೋಚನೆಯೂ ಅವರಿಗಿತ್ತು. ಅದನ್ನು ಖಡಾಖಂಡಿತವಾಗಿ ಬೇಡವೆಂದೆವು. ಒಂದು ತಪ್ಪಿನ ಮೇಲೆ ಒಂದು ಸುಳ್ಳು ಕೂತರೆ ಕೆಲಸ ಹೋಗುವುದು ಸುಳ್ಳಿಗಾಗಿ.

ಕ್ಷಮೆ ಕೇಳುವ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಇವರೂ ಹುಡುಗನಿಗೇ ಉದ್ದದ ಮೆಸೇಜು ಬರೆಯಲು ಹೊರಟಿದ್ದರು. ಆದರೆ ಅವನ ಪಾಲಿಗೆ ಅದು ಅದೇ ಅಪರಿಚಿತನಿಂದ ಬಂದ ಹದಿನೈದನೇ ಮೆಸೇಜು. ತೆರೆದು ನೋಡುವುದಕ್ಕೂ ಅವನು ಹೆದರಬೇಕು. ಇನ್ನೊಂದು ತೊಡಕೂ ಇತ್ತು. ಇವರು ಪ್ರತಿ ವರ್ಷ ಕ್ರೀಡಾ ವಿಭಾಗಕ್ಕೆ ದೇಣಿಗೆ ಕೊಡುವವರು. ಹಾಗೆ ಕೊಟ್ಟವರು ಕಾಲೇಜು ಕ್ರೀಡೆಯ ನಿಯಮದಲ್ಲಿ ‘ಬೂಸ್ಟರ್’ ಎನಿಸಿಕೊಳ್ಳುತ್ತಾರೆ. ಆಯ್ಕೆಯ ಹಂತದಲ್ಲಿರುವ ಹೈಸ್ಕೂಲ್ ಆಟಗಾರರನ್ನು ಅಭಿಮಾನಿಗಳು, ದಾನಿಗಳು ಸಂಪರ್ಕಿಸಬೇಡಿ ಎಂದು ವಿಶ್ವವಿದ್ಯಾಲಯಗಳ ನಿಯಮಪಾಲನಾ ವಿಭಾಗಗಳೇ ಕೇಳಿಕೊಳ್ಳುತ್ತವೆ. ಹಾಗಾಗಿ ವಕೀಲರು ಒಪ್ಪಿದರೆ ತಮ್ಮ ಖಾತೆಯಲ್ಲೇ ಮೂರು ವಾಕ್ಯ, ಹುಡುಗನನ್ನು ಟ್ಯಾಗ್ ಮಾಡದೆ: ಏನು ಮಾಡಿದೆ, ಅದು ತಪ್ಪು, ಇನ್ನು ಅವನಿಗಾಗಲಿ ಅವನ ಮನೆಯವರಿಗಾಗಲಿ ಬರೆಯುವುದಿಲ್ಲ. ಅವರು ಮೊದಲು ಬರೆದು ತಂದದ್ದರಲ್ಲಿ ಹನ್ನೊಂದು ವಾಕ್ಯಗಳಿದ್ದವು, ಏಳರಲ್ಲಿ ಅವರದೇ ಸಂಕಟ. ‘ಆದರೆ’ ಎಂದು ಶುರುವಾದ ವಾಕ್ಯಗಳನ್ನೆಲ್ಲ ಅವರ ಕೈಯಿಂದಲೇ ಹೊಡೆದುಹಾಕಿಸಿದೆವು.

ನಿದ್ದೆಗೆ ಹೇಳಿದ್ದು ಸರಳ. ಫೋನು ರಾತ್ರಿ ಒಂಬತ್ತಕ್ಕೆ ಅಡುಗೆಮನೆಯಲ್ಲಿ, ಮಲಗುವ ಕೋಣೆಗೆ ಬೇರೆ ಅಲಾರಾಂ ಗಡಿಯಾರ. ಎದೆ ಬಡಿದುಕೊಳ್ಳುವಾಗ ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಹತ್ತು ಸುತ್ತು.

ಎರಡನೇ ಭೇಟಿಯಲ್ಲಿ ಒಂದೇ ವಾಕ್ಯವನ್ನು ಹಿಡಿದು ಕೂತೆವು. “ಅವನು ನಮಗೆ ಟೋಪಿ ಹಾಕಿದ.” ಇದರಲ್ಲಿ ‘ನಮಗೆ’ ಯಾರು? ಕೊಟ್ಟ ಮಾತು ಯಾವುದು? ಬಾಯಿಮಾತಿನ ‘ಕಮಿಟ್‌ಮೆಂಟ್’ ಯಾರನ್ನೂ ಕಟ್ಟಿಹಾಕುವುದಿಲ್ಲ. ತರಬೇತುದಾರರೂ ಕೊಟ್ಟ ಆಫರನ್ನು ಹಿಂದೆ ತೆಗೆದುಕೊಳ್ಳುತ್ತಾರೆ, ಒಂದೇ ಸ್ಥಾನಕ್ಕೆ ಮೂವರನ್ನು ಕರೆದಿರುತ್ತಾರೆ, ಬೇರೆ ಕಾಲೇಜು ಹೆಚ್ಚು ಸಂಬಳ ಕೊಟ್ಟರೆ ಹೋಗಿಯೂ ಬಿಡುತ್ತಾರೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ದುಡಿಯಬಹುದು. 2025ರ ಜುಲೈಯಿಂದ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ಅಭಿಮಾನಿಯ ಸಿಟ್ಟಿನ ಬಣ್ಣವನ್ನು ಈ ಹಣ ಬದಲಿಸಿದೆ ಎಂಬುದು ನಮ್ಮ ಅಭಿಪ್ರಾಯ. ಹಿಂದೆ ‘ಹುಡುಗ, ತಿಳಿಯಲಿಲ್ಲ’ ಎನ್ನುತ್ತಿದ್ದವರು ಈಗ ‘ದುಡ್ಡಿಗೆ ಮಾರಿಕೊಂಡ’ ಎನ್ನುತ್ತಾರೆ. ಹದಿನೇಳು ವರ್ಷ ಅಂದಿಗೂ ಹದಿನೇಳೇ, ಇಂದಿಗೂ ಹದಿನೇಳೇ.

ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಲು ಹೇಳಿದೆವು: ‘ಬಿಟ್ಟುಹೋದವರು’, ‘ಬಿಟ್ಟುಬಂದವರು’. ಎರಡನೆಯದು ತುಂಬುವಾಗ ಅವರ ಪೆನ್ನು ನಿಧಾನವಾಯಿತು. 2024ರ ಜನವರಿಯಲ್ಲಿ ಅಲ್ಲಿನ ತರಬೇತುದಾರ ನಿಕ್ ಸೇಬನ್ ನಿವೃತ್ತರಾದ ಮೇಲೆ ಅಲಬಾಮ ಬಿಟ್ಟು ಓಹಾಯೋ ಸ್ಟೇಟ್‌ಗೆ ಬಂದ ಕೇಲೆಬ್ ಡೌನ್ಸ್, ಜೂಲಿಯನ್ ಸೇಯಿನ್. ಮಿಸಿಸಿಪಿಯಿಂದ ಕ್ವಿನ್‌ಶಾನ್ ಜಡ್ಕಿನ್ಸ್. ಕ್ಯಾನ್ಸಸ್ ಸ್ಟೇಟ್ ಬಿಟ್ಟು ಬಂದ ವಿಲ್ ಹವರ್ಡ್. ಆ ಋತುವಿನಲ್ಲಿ ಓಹಾಯೋ ಸ್ಟೇಟ್ ಮಿಷಿಗನ್‌ಗೆ 13–10ರಲ್ಲಿ ಸೋತರೂ, 2025ರ ಜನವರಿ 20ರಂದು ನಾಟರ್ ಡೇಮನ್ನು 34–23ರಲ್ಲಿ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಡೌನ್ಸ್ ಬಂದ ದಿನ ಇವರು ಆಫೀಸಿನಲ್ಲಿ ಸಿಹಿ ಹಂಚಿದ್ದರು. ಅದೇ ದಿನ ಅಲಬಾಮದಲ್ಲಿ ಯಾರ ಮನೆಯಲ್ಲಿ ಏನಾಗಿರಬಹುದು ಎಂದು ಕೇಳಿ ಸುಮ್ಮನಾದೆವು. ಇಂಥಲ್ಲಿ ಸಲಹೆಗಾರರು ಹೆಚ್ಚು ಮಾತಾಡಬಾರದು. ಕಾಲಂ ತುಂಬುತ್ತಿರುವವರೇ ಕಾಣಬೇಕು.

ಅಭಿಮಾನದ ಆಳ ಅಳೆಯಲು 1993ರಲ್ಲಿ ಡೇನಿಯಲ್ ವಾನ್ ಮತ್ತು ನೈಲಾ ಬ್ರಾನ್ಸ್‌ಕೂಂಬ್ ರೂಪಿಸಿದ ಏಳು ಪ್ರಶ್ನೆಗಳ ಪಟ್ಟಿಯೊಂದಿದೆ. ಪ್ರತಿ ಪ್ರಶ್ನೆಗೆ ಒಂದರಿಂದ ಎಂಟು ಅಂಕ. ಇವರಿಗೆ 56ಕ್ಕೆ 53 ಬಂತು. ಇದು ಕಾಯಿಲೆಯ ಲಕ್ಷಣವಲ್ಲ. ತಾನಿರುವ ಊರಿನ ತಂಡದ ಜೊತೆ ಗಟ್ಟಿಯಾಗಿ ಗುರುತಿಸಿಕೊಂಡವರಲ್ಲಿ ಒಂಟಿತನ ಕಡಿಮೆ ಎಂದು ವಾನ್ ಅವರ ಸಂಶೋಧನೆಗಳೇ ಹೇಳುತ್ತವೆ. ಇವರ ವಿಷಯದಲ್ಲೂ ಅದು ನಿಜ. 2011ರಲ್ಲಿ, ಬಂದ ಹೊಸದರಲ್ಲಿ, ಯಾರೂ ಮಾತಾಡಿಸದ ಊರಿನಲ್ಲಿ, ರಸ್ತೆಯಲ್ಲಿ ಒಬ್ಬ ‘ಓ-ಎಚ್’ ಎಂದು ಕೂಗಿದ್ದಕ್ಕೆ ಇವರು ‘ಐ-ಓ’ ಎಂದು ಮರುಕೂಗಿದ್ದರು. ಎರಡೂ ಸೇರಿದರೆ ಓಹಾಯೋದ ಅಕ್ಷರಗಳು, ಅಭಿಮಾನಿಗಳ ಘೋಷಣೆ. ಅಂದು ಮೊದಲ ಬಾರಿಗೆ ತಾನೂ ಈ ಊರಿನವನು ಅನ್ನಿಸಿತಂತೆ. ಹಾಸನದಿಂದ ಮಾವನವರು ಫೋನಿನಲ್ಲಿ “ಆ ಆಟಾನೇ ಬಿಟ್ಟುಬಿಡಿ ಅಳಿಯಂದ್ರೇ” ಎಂದಿದ್ದರು. ಕಾಳಜಿಯ ಮಾತೇ, ಆದರೆ ತಪ್ಪು ಔಷಧ. ಆಟ ಬಿಡಿಸಿದರೆ ಆ ಊರಿನ ಜೊತೆಗಿನ ನಂಟೇ ಕಡಿಯುತ್ತಿತ್ತು.

ಹಾಗಾದರೆ ಇಷ್ಟು ವರ್ಷ ಸುಮ್ಮನಿದ್ದವರು ಈ ವರ್ಷವೇ ಯಾಕೆ ಸಿಡಿದರು? ಉತ್ತರ ಬಂದದ್ದು ಮೂರನೇ ಭೇಟಿಯ ಕೊನೆಯಲ್ಲಿ. ಅವರ ವಿಭಾಗದಲ್ಲಿ ಎರಡು ಸಲ ಕೆಲಸಗಾರರನ್ನು ತೆಗೆದಿದ್ದರು. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ವರ್ಷಗಳಾದರೂ ಭಾರತದವರ ಸರತಿ ಮುಂದೆ ಹೋಗುತ್ತಿಲ್ಲ. ಬೇರೆ ಕಂಪನಿ ಸೇರಿದರೆ ಕಾಗದಪತ್ರದ ಒಂದಿಷ್ಟು ಕೆಲಸ ಮತ್ತೆ ಮೊದಲಿನಿಂದ. ಅವರೇ ಹೇಳಿದರು: “ಆ ಹುಡುಗ ಒಂದು ಸಹಿ ಹಾಕಿ ತನಗೆ ಬೇಕಾದ ಕಡೆ ಹೋದ. ನನಗೆ ಇಲ್ಲಿಂದ ಅಲ್ಲಾಡೋಕೂ ಭಯ.” ಅಲ್ಲಿಯ ತನಕ ಮೋಸ ಎಂದು ಕರೆಯುತ್ತಿದ್ದದ್ದರ ಅಡಿಯಲ್ಲಿ ಹೊಟ್ಟೆಕಿಚ್ಚಿತ್ತು, ಅದರ ಅಡಿಯಲ್ಲಿ ಭಯ. ನಂತರದ ಎರಡು ಭೇಟಿಗಳಲ್ಲಿ ಫುಟ್‌ಬಾಲಿನ ಮಾತೇ ಬರಲಿಲ್ಲ. ಕೆಲಸ ಹೋದರೆ ವೀಸಾ ಪ್ರಕಾರ ಎಷ್ಟು ದಿನ ಸಿಗುತ್ತದೆ, ಕೈಯಲ್ಲಿ ಎಷ್ಟು ತಿಂಗಳ ಖರ್ಚಿದೆ, ಯಾರಿಗೆ ಮೊದಲು ಫೋನ್ ಮಾಡಬೇಕು ಎಂದು ಗಂಡ ಹೆಂಡತಿ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆದರು. ಅಷ್ಟು ವರ್ಷಗಳಲ್ಲಿ ಆ ಲೆಕ್ಕವನ್ನು ಒಮ್ಮೆಯೂ ಬರೆದಿರಲಿಲ್ಲ.

ಮಗನ ವಿಷಯದಲ್ಲಿ ಆತುರ ಬೇಡವೆಂದೆವು. ಮೆತ್ತೆಯ ಅಡಿಯ ಜೆರ್ಸಿಯನ್ನು ಹೊರತೆಗೆದು ‘ಇದೇನಿದು’ ಎಂದು ಕೇಳಬಾರದು, ಸಮಾಧಾನಕ್ಕೆ ಹೊಸದು ಕೊಡಿಸಲೂ ಬಾರದು. ಮುಚ್ಚಿಟ್ಟದ್ದು ಸಿಕ್ಕಿಬಿತ್ತು ಎಂಬ ಭಯ ಮಗುವಿಗೆ ಬರುತ್ತದೆ. ಅಪ್ಪ ನೆಲದ ಮೇಲೆ ಮಗನ ಎತ್ತರಕ್ಕೆ ಕೂತು ಎರಡು ಮಾತು ಹೇಳಬೇಕು: “ನಾನು ಒಬ್ಬ ಅಣ್ಣನಿಗೆ ಕೆಟ್ಟದಾಗಿ ಬರೆದೆ, ಅದು ನನ್ನ ತಪ್ಪು. ನಿನ್ನ ವಸ್ತು ಯಾವುದನ್ನೂ ನಾನು ಮುಟ್ಟಲ್ಲ.” ಆಮೇಲೆ ಮಗ ಏನೂ ಹೇಳದಿದ್ದರೆ ಸುಮ್ಮನೆ ಜೊತೆಗಿರಬೇಕು. ಹತ್ತು ದಿನ ಅವನೇನೂ ಹೇಳಲಿಲ್ಲ. ಹನ್ನೊಂದನೇ ದಿನ ಜೆರ್ಸಿ ಒಗೆಯುವ ಬುಟ್ಟಿಯಲ್ಲಿತ್ತು.

ನಮ್ಮ ಸಲಹೆಗಳಲ್ಲಿ ಒಂದು ನಡೆಯಲಿಲ್ಲ. ಆಯ್ಕೆಯ ಸುದ್ದಿ ಕೊಡುವ ಆ್ಯಪ್‌ಗಳನ್ನೆಲ್ಲ ಮೂವತ್ತು ದಿನ ತೆಗೆದುಹಾಕಿ ಎಂದಿದ್ದೆವು. ನಾಲ್ಕನೇ ದಿನ ಹೆಂಡತಿಯ ಫೋನಿನಲ್ಲಿ ಕದ್ದು ನೋಡುತ್ತಿದ್ದರು. ಪೂರ್ತಿ ಉಪವಾಸ ಇವರಿಗೆ ಒಗ್ಗದು ಎಂದು ತಿಳಿದು ಬದಲಿಸಿದೆವು. ನೋಟಿಫಿಕೇಷನ್ ಬಂದ್, ದಿನಕ್ಕೊಮ್ಮೆ ಬೆಳಿಗ್ಗೆ ತಿಂಡಿಯ ನಂತರ ಇಪ್ಪತ್ತು ನಿಮಿಷ, ರಾತ್ರಿ ಇಲ್ಲ. ಯಾವ ಆಟಗಾರನ ಖಾತೆಯನ್ನೂ ಹಿಂಬಾಲಿಸುವಂತಿಲ್ಲ, ತಂಡದ್ದು ಮಾತ್ರ. ಯಾರು ಬಂದರೂ ಯಾರು ಹೋದರೂ ಇಪ್ಪತ್ನಾಲ್ಕು ಗಂಟೆ ಏನನ್ನೂ ಬರೆಯುವಂತಿಲ್ಲ. ಸಂತೋಷಕ್ಕೂ ಇದೇ ನಿಯಮ. ಡಿಸೆಂಬರ್ ಮೊದಲ ವಾರದ ಸಹಿ ದಿನಗಳು, ಆಟಗಾರರು ಕಾಲೇಜು ಬದಲಿಸಲು ಹೆಸರು ಕೊಡುವ ಜನವರಿಯ ಟ್ರಾನ್ಸ್‌ಫರ್ ಪೋರ್ಟಲ್, ಮತ್ತೆ ಸಹಿ ನಡೆಯುವ ಫೆಬ್ರುವರಿಯ ಮೊದಲ ಬುಧವಾರ, ನವೆಂಬರ್ ಕೊನೆಯ ಮಿಷಿಗನ್ ಪಂದ್ಯ, ಈ ನಾಲ್ಕನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿಸಿದೆವು. ಆ ದಿನಗಳಲ್ಲಿ ಫೋನು ಹೆಂಡತಿಯ ವಶ. ಇದನ್ನು ಅವರೇ ಸೂಚಿಸಿದರು. ಕಾವಲು ಕಾಯುವ ಕೆಲಸ ನಿಮಗೆ ಒಪ್ಪಿಗೆಯೇ ಎಂದು ಹೆಂಡತಿಯನ್ನು ಪ್ರತ್ಯೇಕವಾಗಿ ಕೇಳಿದೆವು. “ಈ ನಾಲ್ಕು ಸಂದರ್ಭಕ್ಕೆ ಸರಿ, ಅದಕ್ಕಿಂತ ಹೆಚ್ಚಿಗೆ ಆಗಲ್ಲ” ಎಂದರು. ಹಾಗೇ ಇಟ್ಟೆವು.

ಜನವರಿಯಲ್ಲಿ ಒಮ್ಮೆ ಜಾರಿದರು. ಪೋರ್ಟಲ್ ಸೇರಿದ ಇನ್ನೊಬ್ಬ ಆಟಗಾರನ ಬಗ್ಗೆ ಒಂದು ಸಾಲು ಬರೆದು, ಐದು ನಿಮಿಷದಲ್ಲಿ ತಾವೇ ತೆಗೆದು, ಮರುದಿನ ಬಂದು ಹೇಳಿದರು. ಆಫೀಸಿನಲ್ಲಿ ಲಿಖಿತ ಎಚ್ಚರಿಕೆ ಕೊಟ್ಟು ಬಿಟ್ಟರು. ಪೊಲೀಸರ ತನಕ ವಿಷಯ ಹೋಗಲಿಲ್ಲ. ಆರು ಭೇಟಿಗಳ ನಂತರ ಮೂರು ತಿಂಗಳಿಗೊಮ್ಮೆ ಫೋನಿನಲ್ಲಿ ಮಾತು.

ಮುಂದಿನ ಋತುವಿನಲ್ಲಿ ಆ ಹುಡುಗ ಮಿಷಿಗನ್ ಪರ ಆಡಲು ಶುರು ಮಾಡಿದ. ಟಿವಿಯಲ್ಲಿ ಅವನ ಹೆಸರು ಬಂದರೆ ಇವರು ಇಂದಿಗೂ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬರುತ್ತಾರೆ. ಅದನ್ನು ಬಿಡಿಸುವ ಪ್ರಯತ್ನ ನಾವು ಮಾಡಿಲ್ಲ. ಮಗ ಅಲ್ಲೇ ಕೂತು ನೋಡುತ್ತಿರುತ್ತಾನೆ. ಅಪ್ಪ ಬಂದ ಮೇಲೆ ಚೆಂಡು ಎಷ್ಟು ಗಜ ಮುಂದೆ ಹೋಯಿತು ಎಂದು ಹೇಳುತ್ತಾನೆ.