ಚಟ್ನಿಪುಡಿ ಕಮಟು ಬರುತ್ತಿದ್ದರೆ
ಅಂಗಡಿಗೆ ಕೊಟ್ಟ ಶೇಂಗಾ ಚಟ್ನಿಪುಡಿ ಮೂರೇ ವಾರಕ್ಕೆ ಕಮಟು ವಾಸನೆ ಬಂದು ವಾಪಸಾಗುತ್ತಿದೆ ಎಂದಿದ್ದೀರಿ. ಶೇಂಗಾದ ಎಣ್ಣೆಗೆ ಗಾಳಿ, ಬೆಳಕು ತಾಗಿದರೆ ಹೀಗಾಗುತ್ತದೆ. ತೆಳು ಪ್ಲಾಸ್ಟಿಕ್ ಕವರ್ ಎರಡನ್ನೂ ತಡೆಯದು. ಒಳಗೆ ಬೆಳ್ಳಿ ಬಣ್ಣದ ಪದರವಿರುವ ಪೌಚ್‌ಗೆ 100 ಗ್ರಾಂ ತುಂಬಿ, ಗಾಳಿ ಒತ್ತಿ ತೆಗೆದು ಸೀಲ್ ಮಾಡಿ. ಹುರಿದ ಶೇಂಗಾ ಪೂರ್ತಿ ಆರಲಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲದಿದ್ದರೆ ಜಾರ್ ಕಾದು ಪುಡಿ ಎಣ್ಣೆ ಬಿಡುತ್ತದೆ. ಹಸಿ ಬೆಳ್ಳುಳ್ಳಿ ಬೇಡವೇ ಬೇಡ, ನೀರಿನಂಶಕ್ಕೆ ಬೂಸ್ಟು ಹಿಡಿಯುತ್ತದೆ. ಗರಿಗರಿಯಾಗಿ ಹುರಿದು ಹಾಕಿ.

ದರ ಕಟ್ಟುವಾಗ ಸಿಪ್ಪೆ, ಕೆಟ್ಟ ಕಾಳು ತೆಗೆದ ಮೇಲೆ ಉಳಿದ ತೂಕವನ್ನೇ ಲೆಕ್ಕ ಹಿಡಿಯಿರಿ. ನಿಮ್ಮ ಕೂಲಿಯನ್ನೂ ಸೇರಿಸಿ, ಮನೆಯಿಂದ ಮಾಡುವವರು ಅದನ್ನೇ ಬಿಟ್ಟುಬಿಡುತ್ತಾರೆ. ಲೇಬಲ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ, ತಯಾರಿಸಿದ ದಿನ, ಬ್ಯಾಚ್ ಸಂಖ್ಯೆ ಇರಲೇಬೇಕು. ಮಾಲು ವಾಪಸ್ ಬಂದಾಗ ಯಾವ ದಿನದ ಪುಡಿ ಕೆಟ್ಟಿತೆಂದು ಅದರಿಂದಲೇ ಗೊತ್ತಾಗುತ್ತದೆ.