ಸಾಲ ತೀರೋಕೆ ಎಷ್ಟು ತಿಂಗಳು?

ಕಾಫಿ ಕುಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಊರು ಬಿಟ್ಟು ವಿದೇಶಕ್ಕೆ ಹೋಗುವ ಬಗ್ಗೆ ಈ ಪ್ರಶ್ನೆಗಳು ಬರುವುದು ಪ್ರತಿ ವರ್ಷ ಇದ್ದದ್ದೇ. ಕೇಳುವವರ ಊರು ಬೇರೆ, ಏಜೆಂಟರು ಹೇಳಿಕೊಟ್ಟ ಮಾತು ಮಾತ್ರ ಅದೇ.

ಪ್ರಶ್ನೆ: ಮಗ ಐಟಿಐ ಎಲೆಕ್ಟ್ರಿಷಿಯನ್, 23 ವರ್ಷ. ಸೌದಿಯಲ್ಲಿ 2 ವರ್ಷದ ಕರಾರಿನ ಕೆಲಸ, ಊಟ ವಸತಿ ಕಂಪನಿಯದು ಅಂತ ಹೇಳಿ ಹಾಸನದ ಏಜೆಂಟೊಬ್ಬರು 2.4 ಲಕ್ಷ ಕೇಳುತ್ತಿದ್ದಾರೆ. ತಿಂಗಳಿಗೆ 20 ಸಾವಿರ ಮನೆಗೆ ಕಳಿಸಬಹುದಂತೆ. ನೂರಕ್ಕೆ ಮೂರರ ಬಡ್ಡಿಗೆ ಸಾಲ ಸಿಗುತ್ತದೆ. ಪಾಸ್‌ಪೋರ್ಟ್ ಇಸಿಎನ್‌ಆರ್ ಆದ್ದರಿಂದ ಮೋಸ ಆಗಲ್ಲ ಅಂತಾರೆ. ಕಳಿಸಬಹುದಾ ಸರ್? (ಒಬ್ಬ ತಾಯಿ, ಸಕಲೇಶಪುರ ತಾಲ್ಲೂಕು)

ಉತ್ತರ: ಅಮ್ಮಾ, ಮೊದಲು ಒಂದು ಚೀಟಿ ತಗೊಂಡು ಲೆಕ್ಕ ಹಾಕಿ. 2.4 ಲಕ್ಷಕ್ಕೆ ಮೊದಲ ತಿಂಗಳ ಬಡ್ಡಿಯೇ 7,200. ಅವನು ಕಳಿಸುವ 20 ಸಾವಿರವನ್ನು ಒಂದು ಕಾಸೂ ಮುಟ್ಟದೆ ಸಾಲಕ್ಕೇ ಕಟ್ಟಿದರೂ ತೀರುವುದು 16ನೇ ತಿಂಗಳಿಗೆ. ಕರಾರು 24 ತಿಂಗಳದ್ದು. ಎರಡು ವರ್ಷ ಬಿಸಿಲಲ್ಲಿ ಬೆಂದದ್ದಕ್ಕೆ ನಿಮ್ಮ ಮನೆಗೆ ಉಳಿಯುವುದು ಸುಮಾರು 1.78 ಲಕ್ಷ, ಏಜೆಂಟರಿಗೆ ಹೋಗುವುದು ಅದಕ್ಕಿಂತ ಹೆಚ್ಚು. ಅದೂ ಮೊದಲ ತಿಂಗಳಿಂದಲೇ ಸಂಬಳ ನೆಟ್ಟಗೆ ಬಂದರೆ.

ಈಗ ಕಾನೂನು ಕೇಳಿ. 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡ ಏಜೆಂಟರು ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000, ಮೇಲೆ ಶೇ 18 ಜಿಎಸ್‌ಟಿ. ಒಟ್ಟು 35,400. ಅದೇ ಬಡ್ಡಿಗೆ ಇಷ್ಟೇ ಸಾಲ ಮಾಡಿದ್ದರೆ ಎರಡು ತಿಂಗಳಲ್ಲಿ ತೀರುತ್ತದೆ. ಏಜೆಂಟರ ಹೆಸರು ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿ ಇದೆಯಾ ನೋಡಿ. ರಸೀದಿ ಕೇಳಿ. ರಸೀದಿ ಅಂದ ಕೂಡಲೇ ಮುಖ ಗಂಟು ಹಾಕಿದರೆ ಎದ್ದು ಬನ್ನಿ.

ಇಸಿಎನ್‌ಆರ್ ಅನ್ನೋದು ತಾಯಿತ ಅಲ್ಲ. ಹುಡುಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ, ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅಧಿಕಾರಿಯ ಅನುಮತಿ ಬೇಕಿಲ್ಲ ಅಂತ ಅಷ್ಟೇ ಅದರ ಅರ್ಥ. ಅನುಮತಿ ಬೇಕಿಲ್ಲ ಅಂದಮೇಲೆ ಅವನ ಕರಾರನ್ನು ಆ ಕಚೇರಿಯಲ್ಲಿ ಯಾರೂ ತೆರೆದು ನೋಡುವುದೂ ಇಲ್ಲ. ನೀವೇ ನೋಡಬೇಕು. ಮುಖ್ಯವಾಗಿ ವೀಸಾದಲ್ಲಿ ಹುದ್ದೆ ಏನಂತ ಬರೆದಿದೆ ಅನ್ನುವುದನ್ನು ಅರೇಬಿಕ್ ಬಲ್ಲವರಿಂದ ಓದಿಸಿ.

ಸೌದಿಯ ಜುಬೈಲ್‌ನ ಕಂಪನಿಯೊಂದರಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ ನಾನು 9 ವರ್ಷ ಕೂತಿದ್ದೆ. ಅರಸೀಕೆರೆ ಕಡೆಯ ಹುಡುಗನೊಬ್ಬ ಐಟಿಐ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಲ್ಲಿ ಹಾಕಿಕೊಂಡು ಬಂದ. ಇಕಾಮಾದಲ್ಲಿ, ಅಂದರೆ ಅಲ್ಲಿ ಇರಲು ಕೊಡುವ ಪರವಾನಗಿಯಲ್ಲಿ, ಅವನ ಹುದ್ದೆ 'ಆಮಿಲ್', ಅಂದರೆ ಕೂಲಿ ಆಳು. ಓದಿ ಹೇಳಿದವನು ನಾನೇ. ಕವರನ್ನು ಎರಡು ಸಲ ತಿರುಗಿಸಿ ನೋಡಿ ಬ್ಯಾಗಿಗೆ ತುರುಕಿಕೊಂಡ. ಊರಲ್ಲಿ ಸಾಲ ಇತ್ತು, ವಾಪಸ್ ಹೋಗ್ತೀನಿ ಅನ್ನುವ ಹಾಗಿರಲಿಲ್ಲ. ಕೇಬಲ್ ಹೊತ್ತ. ಅದೇ ಕ್ಯಾಂಪಿನಲ್ಲಿ ಬಾಳ್ಳುಪೇಟೆಯ ಇನ್ನೊಬ್ಬ, ಕಡಿಮೆ ಖರ್ಚಲ್ಲಿ ಬಂದವನು, ಫೋರ್‌ಮನ್ ಜೊತೆ ಜಗಳ ಆಡಿ ಕೇಬಲ್ ಜಾಯಿಂಟಿಂಗ್ ಕಲಿತ. ಇಲ್ಲಿ ಕೂತಿದ್ದರೆ ಆ ವಿದ್ಯೆ ಅವನಿಗೆ ಸಿಗುತ್ತಿರಲಿಲ್ಲ. ಹಾಗಾಗಿ ಹೋಗಬೇಡ ಅನ್ನುವವನು ನಾನಲ್ಲ. ಈ ಸಾಲ ಹೊತ್ತು ಮಾತ್ರ ಬೇಡ.

ಪ್ರಶ್ನೆ: ಯುವಕರ ವಲಸೆಯಿಂದ ದೇಶಕ್ಕೆ ಲಾಭವೇ, ನಷ್ಟವೇ? ಚರ್ಚಾಸ್ಪರ್ಧೆಗೆ ಬೇಕಿತ್ತು. (ಪದವಿ ವಿದ್ಯಾರ್ಥಿನಿ, ಕಡೂರು)

ಉತ್ತರ: ಯಾವ ದೇಶಕ್ಕೆ ಅಂತ ಮೊದಲು ಕೇಳಮ್ಮ. ಹೆತ್ತು ಸಾಕಿ ಓದಿಸಿದ ಖರ್ಚು ನಮ್ಮದು. ಸೊಂಟ ಗಟ್ಟಿ ಇರುವವರೆಗಿನ ದುಡಿಮೆ ಗಲ್ಫಿನದು. ಮಂಡಿ ಹಿಡಿದ ಮೇಲೆ ಮತ್ತೆ ನಮ್ಮ ಜಗಲಿ. ನಮಗೆ ಬರುವುದು ದುಡ್ಡು: ಹೊರಗಿದ್ದವರು 2024ರಲ್ಲಿ ಕಳಿಸಿದ್ದು ಸುಮಾರು 129 ಬಿಲಿಯನ್ ಡಾಲರ್ ಅಂತ ವಿಶ್ವಬ್ಯಾಂಕಿನ ಅಂದಾಜು, ಜಗತ್ತಿನಲ್ಲೇ ಹೆಚ್ಚು. 'ಪ್ರತಿಭಾ ಪಲಾಯನ' ಅಂತ ಕೂಗಿ ಕುರ್ಚಿಗೆ ಹೋಗಬೇಡ. ಮೂಡಿಗೆರೆಯ ತೋಟದಾಳುಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನವರಿದ್ದಾರೆ, ಅಲ್ಲಿದ್ದವರ ಮಕ್ಕಳು ಬೆಂಗಳೂರಲ್ಲಿ. ಹಾಗಾದರೆ ಅಸ್ಸಾಮಿನಲ್ಲಿ ನಾಟಿ ಮಾಡುವವರು ಯಾರು ಅಂತ ವೇದಿಕೆ ಮೇಲೆ ಕೇಳು.

ಪ್ರಶ್ನೆ: ಮಗ ಅಮೆರಿಕದ ಪೌರನಾದ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದೆ. ತೋಟ ಅವನಿಗೆ ದಾನಪತ್ರ ಮಾಡಬಹುದೇ? (ಚಿಕ್ಕಮಗಳೂರು)

ಉತ್ತರ: ನಡೆಯಲ್ಲ. ಕಾಫಿ ತೋಟ ಅವನಿಗೆ ಕ್ರಯಕ್ಕೂ ಬರಲ್ಲ, ದಾನಕ್ಕೂ ಬರಲ್ಲ, ನಿಮ್ಮ ನಂತರ ವಾರಸಾಗಿ ಬರಬಹುದು. ವಿಲ್ ಬರೆಸಿ.

ಪ್ರಶ್ನೆ: ಜಾತಕದಲ್ಲಿ ವಿದೇಶ ಯೋಗ ಇದೆಯಂತೆ, ವೀಸಾ ಬೇಗ ಆಗಲು 11,000 ರೂಪಾಯಿಯ ಹೋಮ ಮಾಡಿಸಲೇ? (ಬೇಲೂರು)

ಉತ್ತರ: ಆ ದುಡ್ಡಲ್ಲಿ ಇಂಗ್ಲಿಷ್ ಕಲಿಯಿರಿ.

ಪ್ರಶ್ನೆ: ಥಾಯ್ಲೆಂಡಲ್ಲಿ ಡೇಟಾ ಎಂಟ್ರಿ ಕೆಲಸ. ಟಿಕೆಟ್ ಅವರದೇ, ಸಂದರ್ಶನ ಟೆಲಿಗ್ರಾಂನಲ್ಲೇ ಮುಗೀತು. ತಮ್ಮ ಹೊರಟಿದ್ದಾನೆ. (ಹಾಸನ)

ಉತ್ತರ: ಬೇಡ. ಹೀಗೆ ಹೋದವರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಆನ್‌ಲೈನ್ ವಂಚನೆಗೆ ಕೂರಿಸಿದ್ದಾರೆ. ಪಾಸ್‌ಪೋರ್ಟ್ ಯಾರ ಕೈಗಾದರೂ ಕೊಟ್ಟಿದ್ದರೆ ಇವತ್ತೇ ವಾಪಸ್ ಇಸ್ಕೊಳ್ಳಿ.